ಇಇಸಿಪಿಗೆ ಬರುವ ಮುಂಚೆ: ಮಂಚದ ಪಕ್ಕ ನಿಲ್ಲುವ ಟೆಕ್ನಿಷಿಯನ್ ಹೇಳೋದು

"ಏಳು ವಾರ ದಿನಾ ಬರಬೇಕಾ ಮೇಡಂ?" ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಇರುವವರು ಮೊದಲು ಕೇಳುವುದೇ ಇದನ್ನು. ಇಇಸಿಪಿ ಅಂದರೆ ಕಾಲು, ಪೃಷ್ಠಕ್ಕೆ ಗಾಳಿ ತುಂಬುವ ಪಟ್ಟಿ ಕಟ್ಟಿ, ಪ್ರತಿ ಹೃದಯ ಬಡಿತಕ್ಕೂ ಒತ್ತಿ, ಹೃದಯದ ಕಡೆಗೆ ರಕ್ತ ತಳ್ಳುವ ಚಿಕಿತ್ಸೆ. ಹೌದು, ದಿನಕ್ಕೊಂದು ಗಂಟೆ, ವಾರಕ್ಕೆ ಐದು ದಿನ, ಒಟ್ಟು 35 ಸಿಟ್ಟಿಂಗ್. ಅರ್ಧಕ್ಕೆ ಬಿಡುವ ಯೋಚನೆ ಇದ್ದರೆ ಶುರು ಮಾಡಲೇಬೇಡಿ.

ಡಾಕ್ಟರು ಬರೆದುಕೊಟ್ಟ ಎಕೋ (ಹೃದಯದ ಸ್ಕ್ಯಾನ್), ಕಾಲಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ರಿಪೋರ್ಟ್ ತನ್ನಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾದ ವಾಲ್ವ್ ಹೆಚ್ಚು ಸೋರುತ್ತಿದ್ದರೆ, ಅಯೋರ್ಟಾ ಉಬ್ಬಿದ್ದರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಈ ಚಿಕಿತ್ಸೆ ಇಲ್ಲ. ಬಿಪಿ 180/110 ದಾಟಿದ್ದರೆ ಅದು ಇಳಿಯುವವರೆಗೆ ಕಾಯಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಪರೀಕ್ಷೆ) ಎಷ್ಟಿದೆ ಅಂತ ಮುಚ್ಚಿಡದೆ ಹೇಳಿ.

ಊಟ ಹಗುರವಾಗಿರಲಿ. ಎರಡು ಇಡ್ಲಿ ತಿಂದು ಗಂಟೆ ಬಿಟ್ಟು ಬಂದರೆ ಸರಿ. ಎದೆಗೆ ಎಣ್ಣೆ, ಪೌಡರ್ ಬೇಡ, ಇಸಿಜಿ ಪ್ಯಾಚ್ ಅಂಟುವುದಿಲ್ಲ. ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ, "ಈಗ್ತಾನೆ ಹೋಗಿದ್ದೆ" ಅನ್ನುವವರೂ ಇನ್ನೊಮ್ಮೆ ಹೋಗಿ. ಒತ್ತಡ ಶುರುವಾದ ಮೇಲೆ ಕಿಡ್ನಿಗೂ ರಕ್ತ ಜಾಸ್ತಿ ಹರಿದು ಮೂತ್ರ ಬರುತ್ತದೆ, ನಡುವೆ ಎದ್ದರೆ ಪಟ್ಟಿಯೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು.

ನಾನು ಹಟ ಹಿಡಿಯುವುದು ಬಟ್ಟೆಯ ವಿಷಯಕ್ಕೆ. ಕಾಲಿಗೆ ಅಂಟಿಕೊಳ್ಳುವ ಬಿಗಿ ಪ್ಯಾಂಟೇ ಬೇಕು. ಪಂಚೆ ಉಟ್ಟು ಬಂದ ಅಜ್ಜಂದಿರು ಮೊದಲ ದಿನ ನಾಚಿಕೊಳ್ಳುತ್ತಾರೆ, ಆಮೇಲೆ ತಾವೇ ಎಳೆದು ಹಾಕಿಕೊಳ್ಳುತ್ತಾರೆ. ಮೊಣಕಾಲ ಹಿಂದೆ ಒಂದೇ ಒಂದು ಸುಕ್ಕು ಉಳಿದರೂ ಪಟ್ಟಿ ಅದನ್ನೇ ಒತ್ತಿ ಒತ್ತಿ ಚರ್ಮ ಕೆಂಪಾಗಿ ಸುಲಿಯುತ್ತದೆ. ನಾಡಿ 72 ಇದ್ದರೆ ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಒತ್ತುತ್ತದಲ್ಲ! ಶುಗರ್ ಇದ್ದು ಕಾಲಿಗೆ ಸ್ಪರ್ಶ ಕಡಿಮೆ ಇರುವವರು ಮನೆಗೆ ಹೋಗಿ ಚರ್ಮ ನೋಡಿಕೊಳ್ಳಲೇಬೇಕು.

ಪಟ್ಟಿಗಳು ಮೀನಖಂಡ, ತೊಡೆ, ಪೃಷ್ಠ ಹೀಗೆ ಕೆಳಗಿನಿಂದ ಮೇಲಕ್ಕೆ ಉಬ್ಬುತ್ತವೆ. ಅದೂ ಹೃದಯ ಸಡಿಲವಾಗುವ ಕ್ಷಣದಲ್ಲಿ, ಯಾಕೆಂದರೆ ಹೃದಯದ ಸ್ವಂತ ರಕ್ತನಾಳಗಳು ಹೆಚ್ಚಾಗಿ ತುಂಬುವುದು ಆಗಲೇ. ಅದು ಮತ್ತೆ ಹಿಂಡುವ ಹೊತ್ತಿಗೆ ಗಾಳಿ ಒಮ್ಮೆಲೇ ಬಿಡುತ್ತೇವೆ, ಹೊರೆ ಇಳಿಯುತ್ತದೆ. ಒತ್ತಡವನ್ನು ಸ್ವಲ್ಪ ಸ್ವಲ್ಪವೇ 260–300 ಎಂಎಂ ಪಾದರಸದವರೆಗೆ (ಬಿಪಿ ಅಳೆಯುವ ಅದೇ ಅಳತೆ) ಏರಿಸುತ್ತೇವೆ. ಬಿಗಿ ಅನ್ನಿಸುವುದು ಸಹಜ, ಚುಚ್ಚಿದಂತೆ ನೋವಾದರೆ ಸುಮ್ಮನಿರಬೇಡಿ. ಮಾತಾಡಬಹುದು, ಹಾಡು ಕೇಳಬಹುದು. ಇಸಿಜಿ ಗೆರೆ ಕದಲುವಷ್ಟು ಹೊರಳಾಡಬೇಡಿ ಅಷ್ಟೆ.

"ಬ್ಲಾಕ್ ಕರಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1999ರಲ್ಲಿ ಪ್ರಕಟವಾದ ಮಸ್ಟ್-ಇಇಸಿಪಿ ಅಧ್ಯಯನದಲ್ಲಿ 139 ಜನರಿದ್ದರು. ಕೆಲವರಿಗೆ ನಿಜವಾದ ಒತ್ತಡ, ಉಳಿದವರಿಗೆ ಹೆಸರಿಗಷ್ಟೇ ಒತ್ತಡ ಕೊಟ್ಟು ಹೋಲಿಸಿದರು; ನಿಜವಾದ ಒತ್ತಡ ಕೊಟ್ಟವರಲ್ಲಿ ಎದೆನೋವು ಬರುವ ಸಲ ಕಡಿಮೆಯಾಗಿತ್ತು. ಬೈಪಾಸ್, ಸ್ಟೆಂಟ್ ಆಗದವರಿಗೆ, ಆದಮೇಲೂ ನೋವು ಉಳಿದವರಿಗೆ ಅಷ್ಟಾದರೂ ಸಣ್ಣದಲ್ಲ.

ಮಾತ್ರೆಗಳನ್ನು ನೀವಾಗೇ ನಿಲ್ಲಿಸಬೇಡಿ. ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಆ ದಿನ ಎಷ್ಟು ಸಲ ನೋವು ಬಂತು, ನಾಲಿಗೆ ಕೆಳಗೆ ಎಷ್ಟು ಸಾರ್ಬಿಟ್ರೇಟ್ (ಎದೆನೋವಿನ ಮಾತ್ರೆ) ಇಟ್ಟುಕೊಂಡಿರಿ ಅಂತ ಗುರುತು ಹಾಕಿ, ಡಾಕ್ಟರಿಗೆ ತೋರಿಸಿ. ಸುಮ್ಮನೆ ಕೂತಾಗಲೂ ನೋವು ಬಂದರೆ, ಮಾತ್ರೆಗೂ ಬಗ್ಗದಿದ್ದರೆ ನಾಳೆಯ ಸಿಟ್ಟಿಂಗಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.