ದತ್ತು ಪಡೆಯುವ ಕುಟುಂಬಕ್ಕಾಗಿ ಅಮೆರಿಕದ ಕನ್ನಡ ಬಳಗ ಹಣ ಕೂಡಿಸುವ ಬಗೆ

ಅಮೆರಿಕದಲ್ಲಿ ಖಾಸಗಿ ಏಜೆನ್ಸಿಯ ಮೂಲಕ ಹಸುಗೂಸನ್ನು ದತ್ತು ಪಡೆಯುವ ದಂಪತಿಗೆ ಸಾಮಾನ್ಯವಾಗಿ 30,000ದಿಂದ 60,000 ಡಾಲರ್‌ವರೆಗೆ ಖರ್ಚು ಬರುತ್ತದೆ. ಸಮಾಜ ಕಾರ್ಯಕರ್ತರ ವರದಿ, ವಕೀಲರ ಶುಲ್ಕ, ನ್ಯಾಯಾಲಯದ ವೆಚ್ಚ, ಹೆತ್ತ ತಾಯಿಯ ಆಸ್ಪತ್ರೆ ಮತ್ತು ವಸತಿಗೆಂದು ಆಯಾ ರಾಜ್ಯದ ಕಾನೂನು ಒಪ್ಪುವಷ್ಟು ನೆರವು, ಇವೆಲ್ಲ ಸೇರಿ ಈ ಮೊತ್ತವಾಗುತ್ತದೆ. ಅಲ್ಲಿನ ಚರ್ಚುಗಳಲ್ಲಿ ಇಂಥ ಕುಟುಂಬಕ್ಕಾಗಿ ಭೋಜನ, ಗರಾಜ್ ಸೇಲ್, ಟೀ ಶರ್ಟ್ ಮಾರಾಟ ಏರ್ಪಡಿಸುವುದು ರೂಢಿಯಲ್ಲಿದೆ. ನಮ್ಮ ಕನ್ನಡ ಕೂಟಗಳ ವಿಷಯ ಬೇರೆ. ಅಪಘಾತವಾದರೆ, ಯಾರಾದರೂ ತೀರಿಕೊಂಡರೆ ಒಂದೇ ರಾತ್ರಿಯಲ್ಲಿ ಹಣ ಸೇರಿಸುವ ಬಳಗವೇ ದತ್ತಿನ ವಿಷಯ ಬಂದಾಗ ಸುಮ್ಮನಾಗುತ್ತದೆ. ದಂಪತಿಯೂ ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಆದ್ದರಿಂದ ಈ ಬರಹ ಆ ದಂಪತಿಗಿಂತ ಹೆಚ್ಚಾಗಿ ಅವರ ಸ್ನೇಹಿತರಿಗೆ ಸೇರಿದ್ದು. ಮನವಿ ಮಾಡುವವರು, ಲೆಕ್ಕ ಇಡುವವರು, ಜನರ ಪ್ರಶ್ನೆಗಳಿಗೆ ಉತ್ತರಿಸುವವರು ಸ್ನೇಹಿತರೇ ಆಗಿರಬೇಕು. ಹಣ ಬೇಕಾದವರೇ ಮನೆಮನೆಗೆ ಫೋನ್ ಮಾಡುವ ಸ್ಥಿತಿ ಬರಬಾರದು.

ದಾರಿ ಯಾವುದೆಂದು ಮೊದಲು ತಿಳಿಯಿರಿ

ಒಂದು ಪೈಸೆ ಕೇಳುವ ಮುನ್ನ ಆ ಕುಟುಂಬ ಯಾವ ದಾರಿಯಲ್ಲಿ ಹೊರಟಿದೆಯೆಂಬುದು ಖಚಿತವಾಗಬೇಕು, ಏಕೆಂದರೆ ಖರ್ಚಿನ ಸ್ವರೂಪವೆಲ್ಲ ಅದನ್ನೇ ಅವಲಂಬಿಸಿದೆ. ರಾಜ್ಯದ ಫಾಸ್ಟರ್ ಕೇರ್, ಅಂದರೆ ಸರ್ಕಾರದ ಹೊಣೆಯಲ್ಲಿರುವ ಮಕ್ಕಳ ಪಾಲನೆಯ, ವ್ಯವಸ್ಥೆಯಿಂದ ಮಗುವನ್ನು ದತ್ತು ಪಡೆಯುವುದಾದರೆ ಖರ್ಚು ಬಹಳ ಕಡಿಮೆ, ಎಷ್ಟೋ ಸಲ ಸರ್ಕಾರವೇ ಮಾಸಿಕ ಸಹಾಯಧನ ಕೊಡುತ್ತದೆ. ಅಂಥ ಮನೆಗೆ ಚಂದಾ ಎತ್ತುವ ಅಗತ್ಯವಿಲ್ಲ. ಕಾರ್ ಸೀಟು, ಮಂಚ, ಮೊದಲ ಕೆಲವು ವಾರ ಸರದಿಯ ಮೇಲೆ ಊಟ, ಇಷ್ಟು ಒದಗಿಸಿದರೆ ಸಾಕು.

ಭಾರತದಿಂದ ದತ್ತು ಪಡೆಯುವ ದಾರಿ ಇನ್ನಷ್ಟು ಜಟಿಲವಾದದ್ದು. ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿದ್ದರೆ ದೇಶದೇಶಗಳ ನಡುವಿನ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದದ ಕ್ರಮದಲ್ಲಿ, ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವ ಐ-800ಎ ಅರ್ಜಿಯಿಂದ ಕೆಲಸ ಆರಂಭವಾಗುತ್ತದೆ. 2024ರ ಏಪ್ರಿಲ್‌ನಿಂದ ಅದರ ಶುಲ್ಕ 920 ಡಾಲರ್. ಅಮೆರಿಕದ ಏಜೆನ್ಸಿಯ ಶುಲ್ಕ, ಭಾರತದ ದತ್ತು ಸಂಸ್ಥೆಗೆ ಕೊಡಬೇಕಾದ 5,000 ಡಾಲರ್, ದಾಖಲೆಗಳ ದೃಢೀಕರಣ, ವಿಮಾನದ ಟಿಕೆಟ್, ಅಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಬರುವವರೆಗಿನ ವಾಸ್ತವ್ಯ, ಇವೆಲ್ಲ ಇದಕ್ಕೆ ಸೇರುತ್ತವೆ. ಇಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನ ಮೇಲಿದ್ದರೆ ಈ ಅರ್ಜಿಯ ಬಾಗಿಲು ತೆರೆಯುವುದೇ ಇಲ್ಲ. ಅಂಥವರು ದತ್ತು ಪಡೆದ ಮಗುವನ್ನು ಅಮೆರಿಕಕ್ಕೆ ಕರೆತರಬೇಕಾದರೆ, ಎರಡು ವರ್ಷ ಮಗುವಿನ ಕಾನೂನುಬದ್ಧ ಪಾಲನೆ ಮತ್ತು ಜೊತೆವಾಸ ಆಗಿರಬೇಕೆಂಬ ನಿಯಮ ಅಡ್ಡ ಬರುತ್ತದೆ. ಇದು ಗೊತ್ತಿಲ್ಲದೆ ಹಣ ಕೂಡಿಸಿದರೆ ಆ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂರುತ್ತದೆ, ಕೊಟ್ಟವರು ಸಿಕ್ಕಾಗಲೆಲ್ಲ ವಿಚಾರಿಸುತ್ತಾರೆ. ವಲಸೆ ಕಾನೂನಿನ ವಕೀಲರೊಬ್ಬರ ಒಂದು ಗಂಟೆಯ ಸಲಹೆಗೆ ತಗಲುವ ಹಣವೇ ಇಂಥವರಿಗೆ ನೀವು ಕೊಡಬಹುದಾದ ಮೊದಲ ನೆರವು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಊರಿನ ನರ್ಸಿಂಗ್ ಹೋಮ್ ಒಂದರಲ್ಲಿ ಮಗು ಇದೆ, ಇಷ್ಟು ಹಣ ಕಳಿಸಿದರೆ ಕಾಗದಪತ್ರವೆಲ್ಲ ಆಗುತ್ತದೆ ಎಂದು ದೂರದ ನೆಂಟರು ಯಾರಾದರೂ ಹೇಳಿದರೆ ಅದಕ್ಕೆ ಒಂದು ಡಾಲರ್ ಸಹ ಕೂಡಿಸಬೇಡಿ. ಅನಾಥ ಅಥವಾ ಪರಿತ್ಯಕ್ತ ಮಗುವಿನ ದತ್ತು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಮೂಲಕವೇ ಆಗಬೇಕು. 2015ರ ಬಾಲನ್ಯಾಯ ಕಾಯ್ದೆಯ 81ನೆಯ ಕಲಮಿನ ಪ್ರಕಾರ ಮಗುವನ್ನು ಮಾರುವುದು, ಕೊಳ್ಳುವುದು ಐದು ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ. ಒಳ್ಳೆಯ ಮನಸ್ಸಿನಿಂದ ಹಣ ಕೂಡಿಸಿಕೊಟ್ಟವರೂ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾಗಿ ಬರಬಹುದು.

ದಾನವೋ, ಕೈಸಾಲವೋ

ದಂಪತಿಯೊಡನೆ ಕುಳಿತು ಏಜೆನ್ಸಿಯ ಶುಲ್ಕಪಟ್ಟಿಯನ್ನು ಮುಂದಿಟ್ಟುಕೊಂಡು ಯಾವ ಹಣ ಯಾವಾಗ ಬೇಕು ಎಂದು ಬರೆದುಕೊಳ್ಳಿ. ಇಡೀ ಮೊತ್ತ ಒಮ್ಮೆಗೇ ಬೇಕಾಗುವುದಿಲ್ಲ. ಅರ್ಜಿ ಶುಲ್ಕ ಮತ್ತು ಹೋಮ್ ಸ್ಟಡಿ, ಅಂದರೆ ಸಮಾಜ ಕಾರ್ಯಕರ್ತರು ಮನೆಯನ್ನು ಪರಿಶೀಲಿಸಿ ಬರೆಯುವ ವರದಿ, ಮೊದಲು ಬರುತ್ತವೆ, ದೊಡ್ಡ ಕಂತು ದಂಪತಿಗೆ ಯಾವ ಮಗುವೆಂದು ಗೊತ್ತಾದಾಗ, ವಕೀಲರದ್ದು ಕೊನೆಗೆ. ಬಳಗದ ಮುಂದೆ ಹೋಗುವುದು ಹೋಮ್ ಸ್ಟಡಿ ಮುಗಿದ ಮೇಲೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿಯವರೆಗಿನ ಖರ್ಚನ್ನು ದಂಪತಿಯೇ ಭರಿಸಿದರೆ ಕೇಳುವಾಗ ಮಾತಿಗೆ ತೂಕ ಬರುತ್ತದೆ. ಹೊರಗಿನ ಅನುದಾನ ಕೊಡುವ ಸಂಸ್ಥೆಗಳಲ್ಲಿ ಹೆಚ್ಚಿನವು ಕೂಡ ಹೋಮ್ ಸ್ಟಡಿ ಮುಗಿದಿರಬೇಕೆಂದೇ ಕೇಳುತ್ತವೆ. ಇವುಗಳಲ್ಲಿ ಕೆಲವು ಕ್ರೈಸ್ತ ಕುಟುಂಬಗಳಿಗೆ ಮೀಸಲಾದವು. ಹೆಲ್ಪ್‌ಅಸ್‌ಅಡಾಪ್ಟ್ ಎಂಬ ಸಂಸ್ಥೆಗೆ ಧರ್ಮದ ನಿರ್ಬಂಧವಿಲ್ಲ, ಆದ್ದರಿಂದ ನಮ್ಮವರು ಅಲ್ಲಿ ಅರ್ಜಿ ಹಾಕಲೇಬೇಕು. ಉದ್ಯೋಗದಾತ ಕಂಪನಿಯಲ್ಲಿ ದತ್ತು ನೆರವಿನ ಸೌಲಭ್ಯ ಇದೆಯೇ ಎಂದು ಎಚ್‌ಆರ್ ವಿಭಾಗವನ್ನು ವಿಚಾರಿಸುವುದೂ ಬಳಗಕ್ಕೆ ಮನವಿ ಮಾಡುವ ಮುನ್ನವೇ ಆಗಬೇಕಾದ ಕೆಲಸ.

ಇದಾದ ಮೇಲೆ ಬರುವುದು ಒಕ್ಕೂಟ ಸರ್ಕಾರದ ದತ್ತು ತೆರಿಗೆ ಕ್ರೆಡಿಟ್, ಅಂದರೆ ದತ್ತಿನ ಖರ್ಚಿಗಾಗಿ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ. 2025ರ ತೆರಿಗೆ ವರ್ಷಕ್ಕೆ ಇದು ಒಂದು ಮಗುವಿಗೆ ಗರಿಷ್ಠ 17,280 ಡಾಲರ್. ಇದರಲ್ಲಿ 5,000 ಡಾಲರ್‌ವರೆಗಿನ ಭಾಗ ತೆರಿಗೆ ಬಾಕಿ ಇಲ್ಲದಿದ್ದರೂ ಕೈಗೆ ಬರುತ್ತದೆ, ಉಳಿದದ್ದನ್ನು ಮುಂದಿನ ಐದು ವರ್ಷಗಳ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇಬ್ಬರೂ ದುಡಿಯುವ ಸಾಫ್ಟ್‌ವೇರ್ ಮನೆಗಳು ಗಮನಿಸಬೇಕಾದದ್ದು ಆದಾಯದ ಮಿತಿಯನ್ನು: 2025ರಲ್ಲಿ 2,59,190 ಡಾಲರ್ ದಾಟಿದ ಮೇಲೆ ಕ್ರೆಡಿಟ್ ಕರಗತೊಡಗಿ, 2,99,190ಕ್ಕೆ ಪೂರ್ತಿ ಇಲ್ಲವಾಗುತ್ತದೆ. ವಿದೇಶದ ಮಗುವಾದರೆ ದತ್ತು ಅಂತಿಮವಾದ ವರ್ಷಕ್ಕೆ ಮುಂಚೆ ಇದನ್ನು ಕೇಳುವಂತಿಲ್ಲ.

ಇಲ್ಲಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಎಷ್ಟೋ ಕುಟುಂಬಗಳಿಗೆ ಹಣ ಇಲ್ಲವೆಂಬುದಕ್ಕಿಂತ ಸಮಯಕ್ಕೆ ಒದಗುವುದಿಲ್ಲವೆಂಬುದೇ ತೊಡಕು. ಇಂದು ಕೊಟ್ಟ ಶುಲ್ಕದ ಒಂದು ದೊಡ್ಡ ಪಾಲು ತೆರಿಗೆಯ ಮೂಲಕ ಮುಂದಿನ ವರ್ಷಗಳಲ್ಲಿ ಮರಳಿ ಬರುತ್ತದೆ. ಅಷ್ಟು ಭಾಗಕ್ಕೆ ದಾನ ಕೇಳುವ ಬದಲು ಬಡ್ಡಿಯಿಲ್ಲದ ಕೈಸಾಲ ಕೇಳುವುದು ಹೆಚ್ಚು ಗೌರವದ ದಾರಿ. ನಾಲ್ಕು ಮನೆಯವರು ತಲಾ 3,000 ಡಾಲರ್ ಕೊಟ್ಟರೆ ಒಂದು ದೊಡ್ಡ ಕಂತು ಕಳೆಯುತ್ತದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಒಟ್ಟು ಸಾಲ 10,000 ಡಾಲರ್ ಮೀರದಿದ್ದರೆ ಬಡ್ಡಿ ಪಡೆಯದಿದ್ದರೂ ಸಾಮಾನ್ಯವಾಗಿ ತೆರಿಗೆಯ ತಕರಾರು ಬರುವುದಿಲ್ಲ. ಆದರೂ ಎಷ್ಟು, ಯಾವಾಗ ಹಿಂದಿರುಗಿಸುವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹಿತರ ನಡುವೆ ಕಾಗದ ಯಾಕೆ ಎನ್ನುವವರಿಂದಲೇ ಮುಂದೆ ಜಗಳ ಶುರುವಾಗುವುದು ಹೆಚ್ಚು.

ಹಣ ಯಾರ ಖಾತೆಗೆ

ಕೂಟಕ್ಕೆ 501(ಸಿ)(3), ಅಂದರೆ ದಾನಕ್ಕೆ ತೆರಿಗೆ ವಿನಾಯಿತಿ ಕೊಡುವ ಸೇವಾ ಸಂಸ್ಥೆಯ, ಮಾನ್ಯತೆ ಇದೆ, ಅದರ ಖಾತೆಗೇ ಹಣ ಹಾಕಿಸಿದರೆ ಎಲ್ಲರಿಗೂ ತೆರಿಗೆ ವಿನಾಯಿತಿ ಸಿಗುತ್ತದಲ್ಲ ಎಂದು ಸಮಿತಿಯಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಈ ಸಲಹೆಯನ್ನು ನಯವಾಗಿ, ಆದರೆ ಖಡಾಖಂಡಿತವಾಗಿ ತಳ್ಳಿಹಾಕಿ. ಇಂಥದೇ ಕುಟುಂಬಕ್ಕೆ ಸಲ್ಲಬೇಕೆಂದು ಗೊತ್ತುಮಾಡಿ ಕೊಟ್ಟ ಹಣ ತೆರಿಗೆ ಕಾನೂನಿನ ದೃಷ್ಟಿಯಲ್ಲಿ ದತ್ತಿಯಾಗುವುದಿಲ್ಲ. ಕೂಟ ಅದಕ್ಕೆ ರಸೀದಿ ಕೊಟ್ಟರೆ ಕೊಟ್ಟವರಿಗೂ ತೊಂದರೆ, ಕೂಟದ ಮಾನ್ಯತೆಗೂ ತೊಂದರೆ. ಕೂಟ ಸಭಾಂಗಣವನ್ನು ಒದಗಿಸಬಹುದೇ ಎಂಬುದನ್ನು ಸಹ ಖಜಾಂಚಿಯವರನ್ನು ಕೇಳಿಯೇ ನಿರ್ಧರಿಸಿ.

ಸರಳವಾದ ದಾರಿಯೆಂದರೆ ನೇರ ಉಡುಗೊರೆ. ಕೊಡುವವರಿಗೆ ತೆರಿಗೆ ವಿನಾಯಿತಿ ಇಲ್ಲ, ಪಡೆಯುವವರಿಗೆ ಅದು ಆದಾಯವೂ ಅಲ್ಲ. 2025ರಲ್ಲಿ ಒಬ್ಬರು ಇನ್ನೊಬ್ಬರಿಗೆ 19,000 ಡಾಲರ್‌ವರೆಗೆ ಕೊಟ್ಟರೆ ಉಡುಗೊರೆ ತೆರಿಗೆಯ ಫಾರಂ ಕೂಡ ಬೇಕಿಲ್ಲ. ಇದಕ್ಕೆಂದೇ ದಂಪತಿಯ ಹೆಸರಿನಲ್ಲಿ ಹೊಸ ಖಾತೆಯೊಂದನ್ನು ತೆರೆಸಿ, ಮನೆ ಖರ್ಚಿನ ಹಣ ಅದರಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಝೆಲ್ ಮೂಲಕ ಬಂದರೆ ಸಾಮಾನ್ಯವಾಗಿ ಕಡಿತವಿಲ್ಲ. ಚಂದಾ ಎತ್ತುವ ಜಾಲತಾಣವಾದ ಗೋಫಂಡ್‌ಮಿಯಲ್ಲಿ ಪ್ರತಿ ಕೊಡುಗೆಗೆ ಶೇ. 2.9ರ ಜೊತೆಗೆ 30 ಸೆಂಟ್ ಹೋಗುತ್ತದೆ, ಮೇಲಾಗಿ ಅಲ್ಲಿ ಹಾಕಿದ್ದು ಲೋಕಕ್ಕೆಲ್ಲ ಕಾಣುತ್ತದೆ. ತೆರಿಗೆ ವಿನಾಯಿತಿ ಬೇಕೇ ಬೇಕು ಎನ್ನುವ ದೊಡ್ಡ ದಾನಿಗಳಿದ್ದರೆ ದತ್ತು ಕುಟುಂಬಗಳಿಗೆಂದೇ ಇರುವ ಅಡಾಪ್ಟ್‌ಟುಗೆದರ್‌ನಂಥ ನೋಂದಾಯಿತ ಸಂಸ್ಥೆಯ ಕಡೆ ಅವರನ್ನು ಕಳಿಸಿ.

ಮನವಿ ಬರೆಯುವಾಗ

ಮಗುವಿನ ಫೋಟೋ ಹಾಕಿದರೆ ಹಣ ಬೇಗ ಸೇರುತ್ತದೆ. ಆದರೂ ಹಾಕಬಾರದು. ಭಾರತದ ಮಗುವಾದರೆ ಇದು ಬರೀ ಔಚಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ: ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಯಲಾಗುವಂಥ ಹೆಸರು, ವಿಳಾಸ, ಚಿತ್ರಗಳ ಪ್ರಕಟಣೆಯನ್ನು ನಿಷೇಧಿಸುತ್ತದೆ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇನ್ನೂರು ಜನರಿರುವ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೆಂದು ಹೇಳುವವರು ಯಾರೂ ಇಲ್ಲ. ಮಗುವಿನ ಕಾಯಿಲೆ, ಸಿಕ್ಕ ಸ್ಥಳ, ಹೆತ್ತವರ ಸ್ಥಿತಿಗತಿ, ಜೊತೆಗೆ ದಂಪತಿಗೆ ಮಕ್ಕಳಾಗದ ಕಾರಣ, ಮಾಡಿಸಿದ ಚಿಕಿತ್ಸೆ, ಇವು ಕೂಡ ಮನವಿಯಲ್ಲಿ ಇರಬಾರದ ಮಾತುಗಳು. ಕರುಣೆ ಹುಟ್ಟಿಸುವುದಕ್ಕೆಂದು ಇಂದು ಬರೆದದ್ದನ್ನು ನಾಳೆ ಆ ಮಗು ಹದಿನಾಲ್ಕನೆಯ ವಯಸ್ಸಿನಲ್ಲಿ ಓದಬಹುದೆಂದು ಎಣಿಸಿಯೇ ಪ್ರತಿ ವಾಕ್ಯವನ್ನೂ ಬರೆಯಿರಿ.

ಹೀಗೆ ಬರೆದರೆ ಸಾಕು: “ನಮ್ಮ ಬಳಗದ ದಂಪತಿಯೊಬ್ಬರು ದತ್ತು ಪಡೆಯುವ ಹಾದಿಯಲ್ಲಿದ್ದಾರೆ. ಹೋಮ್ ಸ್ಟಡಿ ಮುಗಿದಿದೆ. ಮುಂದಿನ ಹಂತಕ್ಕೆ 8,000 ಡಾಲರ್ ಬೇಕಿದ್ದು 3,000ವನ್ನು ಅವರೇ ಹಾಕಿದ್ದಾರೆ; ಉಳಿದ 5,000ಕ್ಕೆ ಮಾತ್ರ ಈ ಮನವಿ. ಈ ಹಣಕ್ಕೆ ತೆರಿಗೆ ವಿನಾಯಿತಿ ಇರುವುದಿಲ್ಲ. ದತ್ತು ಕೈಗೂಡದಿದ್ದರೆ ಖರ್ಚಾಗದೆ ಉಳಿದದ್ದನ್ನು ಕೊಟ್ಟವರಿಗೆ ಹಿಂದಿರುಗಿಸುತ್ತೇವೆ. ಎಷ್ಟು ಕೊಟ್ಟರೂ ಸಂತೋಷ, ಕೊಡಲಾಗದಿದ್ದರೂ ಬೇಸರವಿಲ್ಲ. ಮಗುವಿನ ವಿಷಯ ದಯವಿಟ್ಟು ಕೇಳಬೇಡಿ.” ಕೆಳಗೆ ಲೆಕ್ಕ ನೋಡಿಕೊಳ್ಳುವ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಇರಲಿ. ಇದನ್ನು ಗುಂಪಿಗೆ ಹಾಕುವ ಮೊದಲು ಹತ್ತಿರದ ಹತ್ತು ಹನ್ನೆರಡು ಮನೆಗಳಿಗೆ ಫೋನ್ ಮಾಡಿ ಹೇಳಿ. ನನ್ನ ಅನುಭವದಲ್ಲಿ ಹೆಚ್ಚಿನ ಹಣ ಬರುವುದು ಆ ಫೋನ್ ಕರೆಗಳಿಂದಲೇ.

ಮದುವೆ ಮನೆಯಲ್ಲಿ ಮುಯ್ಯಿ ಓದಿಸಿದಂತೆ ಯಾರು ಎಷ್ಟು ಕೊಟ್ಟರೆಂದು ಗುಂಪಿನಲ್ಲಿ ಸಾರಬೇಡಿ. ಒಟ್ಟು ಮೊತ್ತ ಮಾತ್ರ ತಿಳಿಸಿ. ಅಮೆರಿಕದಲ್ಲಿ ಜಿಗ್‌ಸಾ ಪಜಲ್‌ನ ಒಂದೊಂದು ತುಂಡಿನ ಹಿಂದೆ ಒಬ್ಬೊಬ್ಬ ದಾನಿಯ ಹೆಸರು ಬರೆದು, ಅದನ್ನು ಜೋಡಿಸಿ ಮಗುವಿನ ಕೋಣೆಯಲ್ಲಿ ತೂಗುಹಾಕುವ ಪದ್ಧತಿಯೊಂದಿದೆ. ಅದನ್ನು ಮೆಚ್ಚುವವರು ಬಹಳ ಮಂದಿ. ನನಗೆ ಮಾತ್ರ ಒಪ್ಪಿಗೆಯಿಲ್ಲ. ಮಗು ಬೆಳೆಯುವ ಕೋಣೆಯಲ್ಲಿ ಅದರ ಖರ್ಚು ಕೊಟ್ಟವರ ಪಟ್ಟಿ ಇರಬೇಕಾಗಿಲ್ಲ.

ತಿಂಡಿ ಮಾರಾಟ, ಕಾರ್ಯಕ್ರಮ

ಯುಗಾದಿ, ದೀಪಾವಳಿಯ ಮುಂಚೆ ಚಕ್ಕುಲಿ, ಕೋಡುಬಳೆ, ಮೈಸೂರು ಪಾಕಿನ ಡಬ್ಬಿಗಳಿಗೆ ಬೇಡಿಕೆ ಚೆನ್ನಾಗಿರುತ್ತದೆ. ಲೆಕ್ಕ ಹಾಕಿ ನೋಡಿ: ಡಬ್ಬಿಗೆ 20 ಡಾಲರ್, ಸಾಮಾನು ಮತ್ತು ಡಬ್ಬಿಯ ಖರ್ಚು 6 ಎಂದಿಟ್ಟುಕೊಂಡರೆ 150 ಡಬ್ಬಿ ಮಾರಿ 2,100 ಡಾಲರ್ ಉಳಿಯುತ್ತದೆ. ಆರೇಳು ಜನ ಎರಡು ವಾರಾಂತ್ಯ ಎಣ್ಣೆಯ ಮುಂದೆ ನಿಂತು ದುಡಿದದ್ದಕ್ಕೆ ಇದು ಕಡಿಮೆ ಎನ್ನಿಸಬಹುದು. ನಲವತ್ತು ಮನೆಗಳು ತಲಾ 100 ಡಾಲರ್ ಕೊಟ್ಟರೆ ಇದರ ಸುಮಾರು ಎರಡರಷ್ಟಾಗುತ್ತದೆ. ಆದರೂ ಹೊಸದಾಗಿ ಬಂದ ವಿದ್ಯಾರ್ಥಿಗಳು, ಒಂದೇ ಸಂಬಳದ ಮನೆಯವರು ಮುಜುಗರವಿಲ್ಲದೆ ಭಾಗವಹಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲವಾದ್ದರಿಂದ ಇದನ್ನು ಬಿಡಬೇಡಿ.

ಮನೆಯಲ್ಲಿ ಮಾಡಿದ ತಿಂಡಿ ಮಾರುವುದಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನಿದೆ. ಹೊರಗಿಟ್ಟರೂ ಕೆಡದ ಒಣ ತಿಂಡಿಗೆ ಬಹುತೇಕ ಕಡೆ ಅವಕಾಶವಿರುತ್ತದೆ, ಕೆಲವು ಕಡೆ ಕೌಂಟಿಯಲ್ಲಿ ನೋಂದಾಯಿಸಬೇಕಾಗುತ್ತದೆ. ಬಿಸಿಬೇಳೆಬಾತ್, ಮೊಸರನ್ನದಂಥವು ಈ ಸೌಲಭ್ಯದಲ್ಲಿ ಬರುವುದಿಲ್ಲ. ಅವನ್ನು ಪರವಾನಗಿ ಇರುವ ಹೋಟೆಲಿನವರಿಂದ ಮಾಡಿಸಿ. ಬೇಳೆ ಹೂರಣದ ಒಬ್ಬಟ್ಟು ಬೇಗ ಹಳಸುವುದರಿಂದ ಅದರ ಬಗ್ಗೆ ಮೊದಲೇ ವಿಚಾರಿಸಿ. ಡಬ್ಬಿಯ ಮೇಲೆ ಏನೇನು ಹಾಕಿದೆಯೆಂದು ಬರೆಯುವಾಗ ಗೋಧಿ, ಹಾಲು, ಗೋಡಂಬಿ, ಕಡಲೆಕಾಯಿಯ ಜೊತೆಗೆ ಎಳ್ಳನ್ನು ಮರೆಯಬೇಡಿ: 2023ರ ಜನವರಿಯಿಂದ ಅದು ಅಲ್ಲಿನ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ನಮ್ಮ ಚಕ್ಕುಲಿಯಲ್ಲಿಯೂ ಇದೆ.

ಲಾಟರಿ ಚೀಟಿ ಎತ್ತುವ ಯೋಚನೆಯನ್ನು ಕೈಬಿಡಿ. ಹೆಚ್ಚಿನ ರಾಜ್ಯಗಳಲ್ಲಿ ಅದು ಜೂಜಿನ ಕಾನೂನಿನಡಿ ಬರುತ್ತದೆ, ಖಾಸಗಿ ವ್ಯಕ್ತಿಗಳಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಸಂಗೀತ ಸಂಜೆ, ಮಕ್ಕಳ ನಾಟಕ ಇಟ್ಟುಕೊಳ್ಳಬಹುದು, ಆದರೆ ಸಭಾಂಗಣದ ಬಾಡಿಗೆ ಮತ್ತು ವಿಮೆಯೇ ಅರ್ಧ ಹಣ ತಿನ್ನದಂತೆ ನೋಡಿಕೊಳ್ಳಿ.

ಲೆಕ್ಕ

ಒಂದು ಸ್ಪ್ರೆಡ್‌ಶೀಟ್, ಇಬ್ಬರು ಲೆಕ್ಕಿಗರು. ಬಂದ ದಿನ, ಮೊತ್ತ, ಉಡುಗೊರೆಯೋ ಸಾಲವೋ, ಯಾವ ಬಿಲ್ಲಿಗೆ ಹೋಯಿತು, ಇಷ್ಟು ಅಂಕಣ ಸಾಕು. ಪ್ರತಿ ಹಂತ ಮುಗಿದಾಗ ಹಣ ಕೊಟ್ಟವರಿಗೆ ಮಾತ್ರ ಎರಡು ಸಾಲಿನ ವರದಿ ಕಳಿಸಿ. ಹೆತ್ತ ತಾಯಿ ಕೊನೆ ಗಳಿಗೆಯಲ್ಲಿ ಮಗುವನ್ನು ತಾನೇ ಸಾಕುತ್ತೇನೆನ್ನಬಹುದು. ಅದು ಆಕೆಯ ಹಕ್ಕು, ಅದನ್ನು ಯಾರೂ ಮೋಸವೆಂದು ಕರೆಯಕೂಡದು. ಆಗ ಆಗಲೇ ಕೊಟ್ಟ ಶುಲ್ಕದ ಬಹುಪಾಲು ಮರಳುವುದಿಲ್ಲ. ದಂಪತಿ ದುಃಖದಲ್ಲಿರುವ ಆ ವಾರದಲ್ಲಿ ಹಣದ ಮಾತನ್ನು ಲೆಕ್ಕಿಗರು ತಮ್ಮಲ್ಲೇ ಇಟ್ಟುಕೊಂಡು, ಉಳಿದ ಹಣವನ್ನು ಮುಂದಿನ ಪ್ರಯತ್ನಕ್ಕೆ ಇಡಬಹುದೇ ಎಂದು ಕೊಟ್ಟವರನ್ನು ಆಮೇಲೆ ಒಬ್ಬೊಬ್ಬರಾಗಿ ಕೇಳಬೇಕು. ಅಮೆರಿಕದಲ್ಲೇ ಹುಟ್ಟಿದ ಮಗುವಿನ ದತ್ತು ಹೀಗೆ ಕೈತಪ್ಪಿದರೂ ಮಾಡಿದ ಖರ್ಚಿಗೆ ತೆರಿಗೆ ಕ್ರೆಡಿಟ್ ಕೇಳಲು ಅವಕಾಶವಿದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ಮಗು ಮನೆಗೆ ಬಂದೊಡನೆ ಖಾತೆಯನ್ನು ಮುಚ್ಚುವ ಆತುರ ಬೇಡ. ಭಾರತದಿಂದ ಬಂದ ಮಗುವಿನ ವಿಷಯದಲ್ಲಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಏಜೆನ್ಸಿ ವರದಿ ಕಳಿಸಬೇಕಾಗುತ್ತದೆ, ಪ್ರತಿ ಭೇಟಿಗೂ ಶುಲ್ಕ ಕೇಳುತ್ತದೆ. ಆ ಆರು ಭೇಟಿಗಳ ಹಣವನ್ನು ಮೊದಲ ಅಂದಾಜಿನಲ್ಲಿಯೇ ಸೇರಿಸಿಟ್ಟು, ಕೊನೆಯ ವರದಿ ಹೋದ ಮೇಲೆ ಕೈಸಾಲಗಳ ಬಾಕಿಯನ್ನೂ ಸರಿಹೊಂದಿಸಿ ಖಾತೆಯನ್ನು ಮುಚ್ಚಿ.