ಕೂಲಂಟ್ ನಾರುವುದು ನಿಂತಿತು: ಬದಲಿಸಿದ್ದು ಆಯಿಲ್ ಅಲ್ಲ, ನೀರು

ಕೂಲಂಟ್ ಅಂದರೆ ಲೋಹ ಕತ್ತರಿಸುವಾಗ ತಣ್ಣಗಿಡಲು ಸುರಿಯುವ ಆಯಿಲ್-ನೀರಿನ ಮಿಶ್ರಣ. ಕೂಲಂಟ್ ಅಂದ ಮೇಲೆ ನಾರೋದೇ, ಮೂರು ತಿಂಗಳಿಗೊಮ್ಮೆ ಟ್ಯಾಂಕ್ ಖಾಲಿ ಮಾಡೋದೇ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಾವ ಶೆಡ್ಡಿಗೆ ಹೋದರೂ ಇದೇ ಮಾತು. ನಮ್ಮದು ವಾಲ್ವ್ ಬಾಡಿ ಮಷಿನಿಂಗ್. ಎಂಟು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಮಷಿನ್), ಒಂದೊಂದಕ್ಕೆ ಸುಮಾರು 200 ಲೀಟರ್ ಟ್ಯಾಂಕು. ಮೊದಲು ವರ್ಷಕ್ಕೆ ಆರು ಸಾವಿರ ಲೀಟರ್‌ಗೂ ಮೇಲೆ ಕೊಳೆತ ಕೂಲಂಟ್ ಹೊರಗೆ ಹೋಗುತ್ತಿತ್ತು. ಈಗ ಒಂದು ಫಿಲ್, ಅಂದರೆ ಒಮ್ಮೆ ತುಂಬಿದ ಕೂಲಂಟ್, ವರ್ಷ ದಾಟಿ ನಡೆದಿದೆ, ಅದೂ ಅದೇ ಹಳೇ ಬ್ರ್ಯಾಂಡಿನ ಆಯಿಲ್‌ನಲ್ಲಿ. ನೀರು ಬದಲಿಸುತ್ತೇವೆ ಅಂದಾಗ "ಆಗಂಗಿಲ್ರಿ ಸರ, ಸುಮ್ನ ರೊಕ್ಕ ಹಾಳು" ಅಂದಿದ್ದ ಸಪ್ಲೈಯರ್ರೇ ಈಗ ಬೇರೆ ಗಿರಾಕಿಗಳನ್ನು ಕರಕೊಂಡು ಬಂದು ತೋರಿಸುತ್ತಾರೆ.

ಬೋರ್‌ವೆಲ್ ನೀರಿನ ಗಡಸುತನವೇ ಈ ನಾತಕ್ಕೆ ಮೂಲ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಕ್ಯಾಲ್ಸಿಯಂ, ಮೆಗ್ನೀಷಿಯಂ ಅಲ್ಲೇ ಉಳಿಯುತ್ತವೆ. ಟಾಪ್‌ಅಪ್ ಮಾಡಿದಷ್ಟೂ ಅವು ಏರುತ್ತವೆ, ಎಮಲ್ಷನ್ (ನೀರಿನಲ್ಲಿ ಹಾಲಿನಂತೆ ಬೆರೆತ ಆಯಿಲ್) ಒಡೆಯುತ್ತದೆ, ಮೇಲೆ ಬೂದು ಕೆನೆ ಕಟ್ಟುತ್ತದೆ. ಅದರ ಮೇಲೆ ಮಷಿನ್‌ನ ಜಾರುವ ಭಾಗಗಳಿಗೆ ಹಾಕುವ ಸ್ಲೈಡ್‌ವೇ ಆಯಿಲ್ ಹಾಸಿಕೊಂಡರೆ ಗಾಳಿ ಬಂದ್. ಭಾನುವಾರ ಮಷಿನ್ ನಿಂತಾಗ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆದು, ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ.

ವಾಸನೆಗೆಂದು ಮಾಡಿದ ಉಪಾಯಗಳಲ್ಲಿ ಒಂದೂ ಬಹಳ ದಿನ ನಡೆಯಲಿಲ್ಲ. ಫಿನೈಲ್ ಹಾಕಿದರೆ ಎಮಲ್ಷನ್ನೇ ಒಡೆಯಿತು. ಬ್ಲೀಚಿಂಗ್ ಪೌಡರ್ ಎರಡು ದಿನ ವಾಸನೆ ತಡೆಯಿತು, ಆಮೇಲೆ ಕೆಲಸದ ತುಂಡನ್ನು ಹಿಡಿಯುವ ಚಕ್‌ನ ಹಲ್ಲುಗಳಿಗೆ (ಜಾ) ತುಕ್ಕು ಹಿಡಿಯಿತು. ಬ್ಯಾಕ್ಟೀರಿಯಾ ಕೊಲ್ಲುವ ಬಯೋಸೈಡ್ ಕೆಲಸ ಮಾಡುತ್ತದೆ, ಆದರೆ ಡೋಸ್ ಏರಿದರೆ ಅದೇ ಆಪರೇಟರ್‌ಗಳ ಕೈಗೆ ತುರಿಕೆ ತರುತ್ತದೆ.

ಕೊನೆಗೆ ಕೈ ಹಿಡಿದ ಪದ್ಧತಿ ಹೀಗಿದೆ. ಮೊದಲ ಫಿಲ್‌ಗೆ ಪೂರ್ತಿ ಆರ್‌ಒ ನೀರು (ಲವಣ ಸೋಸಿ ತೆಗೆದದ್ದು) ಹಾಕಬೇಡಿ, ನೊರೆ ಉಕ್ಕಿ ಪಂಪ್ ಗಾಳಿ ಎಳೆಯುತ್ತದೆ. ನಲ್ಲಿಗೆ ಬರುವ ಮಲಪ್ರಭೆ ನೀರನ್ನು ಬೆರೆಸಿ ಗಡಸುತನ 100 ಪಿಪಿಎಂ ಆಸುಪಾಸು ಇಟ್ಟುಕೊಳ್ಳಿ. ಟಾಪ್‌ಅಪ್‌ಗೆ ಬಳಸುವ ನೀರು ಮಾತ್ರ ಬರೀ ಆರ್‌ಒ. ನೀರಿಗೆ ಆಯಿಲ್ ಸುರಿಯಬೇಕು, ಆಯಿಲ್‌ಗೆ ನೀರಲ್ಲ. ಟ್ಯಾಂಕಿನಲ್ಲಿ ಆಯಿಲ್ ಶೇ 6-7 ಇರಲಿ, ಟಾಪ್‌ಅಪ್ ಮಿಶ್ರಣ ಶೇ 2ರ ಸುತ್ತ ಸಾಕು. ಆಯಿಲ್ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್ ಓದಿದ್ದೇ (ಬ್ರಿಕ್ಸ್) ಶೇಕಡಾ ಅಲ್ಲ: ಆಯಿಲ್ ಶೀಟಿನಲ್ಲಿ ಫ್ಯಾಕ್ಟರ್ 1.5 ಅಂತಿದ್ದರೆ ಬ್ರಿಕ್ಸ್ 4 ಅಂದರೆ ಶೇ 6. ಪಿಎಚ್ 9ರ ಹತ್ತಿರ ಇರಬೇಕು. 8.5ಕ್ಕಿಂತ ಇಳಿದರೆ ವಾಸನೆಗೆ ಮುಂಚೆಯೇ ಎಚ್ಚರಿಕೆ ಸಿಕ್ಕಿತು ಅನ್ನಿ.

ಖರ್ಚು: ಆರ್‌ಒ ಸುಮಾರು 35 ಸಾವಿರ, ಮಷಿನ್‌ನಿಂದ ಮಷಿನ್‌ಗೆ ತಳ್ಳಿಕೊಂಡು ಹೋಗುವ ಡಿಸ್ಕ್ ಸ್ಕಿಮ್ಮರ್ (ಮೇಲೆ ತೇಲುವ ಎಣ್ಣೆ ತೆಗೆಯುವ ಸಾಧನ) ಎಂಟು ಸಾವಿರದ ಹತ್ತಿರ. ಒಂದು ಫಿಲ್‌ಗೆ ಆಯಿಲೇ ಎರಡೂವರೆಯಿಂದ ಮೂರು ಸಾವಿರ ಆಗುತ್ತದೆ, ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಫಿಲ್ ಲೆಕ್ಕ ಹಾಕಿ. ವರ್ಷ ತುಂಬುವ ಮೊದಲೇ ರೊಕ್ಕ ಬಂತು. ಆರ್‌ಒ ರಿಜೆಕ್ಟ್ ನೀರು ಶೌಚಾಲಯಕ್ಕೆ. ಗಿಡಕ್ಕೆ ಬೇಡ, ಉಪ್ಪು.

ಹೊಸ ಫಿಲ್‌ಗೆ ಮುಂಚೆ ಟ್ಯಾಂಕಿನ ಮೂಲೆ, ಪೈಪು, ಒಂದರೊಳಗೊಂದು ಸರಿಯುವ ಟೆಲಿಸ್ಕೋಪಿಕ್ ಕವರ್ ಅಡಿಯ ಲೋಳೆ ತೆಗೆಯದಿದ್ದರೆ ಹದಿನೈದೇ ದಿನಕ್ಕೆ ಹಳೇ ಕಥೆ. ನಾವು ಯಾವುದರಿಂದ ತೊಳೆಯುತ್ತೇವೆ ಅನ್ನುವುದು ನಮ್ಮಲ್ಲೇ ಇರಲಿ.

ಮೀನಿನ ತೊಟ್ಟಿಯ ಏರ್ ಪಂಪನ್ನು ಭಾನುವಾರ ಟ್ಯಾಂಕಿಗೆ ಬಿಟ್ಟು ನೋಡಿದೆವು. ಏಳುನೂರು ರೂಪಾಯಿಯ ಸಾಮಾನು, ಚೆನ್ನಾಗಿಯೇ ನಡೆಯುತ್ತದೆ. ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಹಿಂಡಿ ಕೂಲಂಟ್ ತೆಗೆಯಲು ಹಳೇ ವಾಷಿಂಗ್ ಮಷಿನ್ ಸ್ಪಿನ್ನರ್ ಮಾತ್ರ ಆಗದ ಕೆಲಸ: ಉದ್ದ ಸುರುಳಿ ಚಿಪ್ಸ್ ಒಂದೇ ಬದಿಗೆ ಸೇರಿ ಡ್ರಮ್ ಕುಣಿಯುತ್ತದೆ. ಅದರ ಬದಲು ಚಿಪ್ಸ್ ಸಾಗಿಸುವ ಟ್ರಾಲಿಗೆ ತೂತಿನ ತಗಡಿನ ಎರಡನೇ ತಳ, ಕೆಳಗೊಂದು ನಲ್ಲಿ. ರಾತ್ರಿಯಿಡೀ ಬಿಟ್ಟರೆ ಸೋರಿದ ಕೂಲಂಟ್ ಬಟ್ಟೆಯಲ್ಲಿ ಸೋಸಿ ವಾಪಸ್ ಹಾಕಬಹುದು, ಸ್ಕ್ರ್ಯಾಪ್‌ನವರು ತೇವ ಅಂತ ತೂಕ ಕಡಿಯುವುದೂ ತಪ್ಪುತ್ತದೆ.

ಸುರಕ್ಷತೆಗೆ ಇದೇ ಟ್ರಾಲಿ ಹೆಚ್ಚು ಉಪಕಾರ ಮಾಡಿತು. ಮಷಿನ್‌ನಿಂದ ಸ್ಕ್ರ್ಯಾಪ್ ಯಾರ್ಡ್‌ವರೆಗೆ ಹನಿಯ ಸಾಲು ಬೀಳುವುದು ನಿಂತ ಮೇಲೆ ಜಾರಿ ಬಿದ್ದ ನಮೂದುಗಳು ರಿಜಿಸ್ಟರ್‌ನಲ್ಲಿ ಅಪರೂಪ. ನೆಲಕ್ಕೆ ಮರದ ಹೊಟ್ಟು ಹಾಕುವುದನ್ನೂ ಬಿಟ್ಟೆವು. ಎಣ್ಣೆ ಕುಡಿದ ಹೊಟ್ಟು ಬೆಂಕಿಗೆ ಆಹಾರ, ಮೇಲಾಗಿ ಅದೂ ಅಪಾಯಕಾರಿ ತ್ಯಾಜ್ಯವೇ. ಏರ್ ಗನ್ ಲೈನಿಗೆ ರೆಗ್ಯುಲೇಟರ್ ಹಾಕಿ 2 ಬಾರ್‌ಗೆ ಕಟ್ಟಿ, ಯಾರೂ ಒತ್ತಡ ಏರಿಸದಂತೆ ರೆಗ್ಯುಲೇಟರ್‌ನ ಹ್ಯಾಂಡಲ್ ತೆಗೆದಿಡಿ. ಎಲೆ-ಅಡಿಕೆ ಉಗುಳು, ನೆಲ ಒರೆಸಿದ ನೀರು ಟ್ಯಾಂಕಿಗೆ ಬೀಳದಂತೆ ಜಾಲರಿ ಮುಚ್ಚಿಡಿ. ಇದನ್ನು ಪಾಲಿಸುವಂತೆ ಮಾಡುವುದೇ ಎಲ್ಲಕ್ಕಿಂತ ಕಷ್ಟ.

ಹೊಸ ತಲೆನೋವು ಬೇರೆ ಇದೆ. 2016ರ ನಿಯಮದ ಪ್ರಕಾರ ಹಾಳಾದ ಕೂಲಂಟ್‌ನಂಥ ಅಪಾಯಕಾರಿ ತ್ಯಾಜ್ಯ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ನಮ್ಮಲ್ಲೀಗ ಆ ಅವಧಿಗೆ ಒಂದೂವರೆ ಡ್ರಮ್ಮೂ ತುಂಬುವುದಿಲ್ಲ, ಅಷ್ಟಕ್ಕೆ ತ್ಯಾಜ್ಯ ಒಯ್ಯುವ ಗಾಡಿ ಬರುವುದಿಲ್ಲ. ವರ್ಷಕ್ಕೆ 10 ಟನ್ ಒಳಗಿನವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 180 ದಿನದವರೆಗೆ ಅವಧಿ ವಿಸ್ತರಿಸಬಹುದು, ಅರ್ಜಿ ಮೊದಲೇ ಕೊಡಿ. ಪಕ್ಕದ ಶೆಡ್‌ನವರ ಜೊತೆ ಒಂದೇ ದಿನ ಗಾಡಿ ಕರೆಸಿದರೆ ಬಾಡಿಗೆ ಹಂಚಿಹೋಗುತ್ತದೆ. ಆದರೆ ಫಾರ್ಮ್ 10 ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ಅವರವರದು ಬೇರೆ ಬೇರೆ ಆಗಬೇಕು.