ಏರಿನಲ್ಲಿ ಏರದ ನಾಡಿ

ಕಾರವಾರದ ಕಡಲತೀರದಲ್ಲಿ ಓಡಿ ರೂಢಿಯಾಗಿದ್ದ ನಾನು ಗುಡ್ಡೆಹಳ್ಳಿಯ ಏರುದಾರಿಗೆ ಹೊರಳಿದ್ದು ನನ್ನ 41ನೆಯ ವಯಸ್ಸಿನಲ್ಲಿ. ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಮರಳದಂಡೆಯ ಲೆಕ್ಕ ಗುಡ್ಡದಲ್ಲಿ ನಡೆಯುವುದಿಲ್ಲವಾದ್ದರಿಂದ, ಹೃದಯ ಬಡಿತವನ್ನು ನೋಡಿಕೊಂಡು ಓಡುವ ಕ್ರಮ ಹಿಡಿದೆ. ಹಗುರ ಓಟದಲ್ಲಿ ಬಡಿತ ಎಷ್ಟನ್ನು ಮೀರಬಾರದು ಎಂದು ಹೇಳುವ, 180ರಿಂದ ವಯಸ್ಸನ್ನು ಕಳೆಯುವ ಮ್ಯಾಫೆಟೋನ್ ಸೂತ್ರದಂತೆ ನನ್ನ ಮಿತಿ ನಿಮಿಷಕ್ಕೆ 139 ಬಡಿತ. ಇದು ಸ್ಥೂಲವಾದ ಅಂದಾಜು. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಆಗುತ್ತದೆಯೇ ಎಂದು ನೋಡಿ ಅದನ್ನು ತಾಳೆ ಹಾಕಿಕೊಂಡೆ.

ಮೊದಲ ವಾರಗಳಲ್ಲಿ ಆ ಮಿತಿಯೊಳಗೆ ಉಳಿಯಲು ಅರ್ಧಕ್ಕಿಂತ ಹೆಚ್ಚು ದಾರಿಯನ್ನು ನಡೆದೇ ಹತ್ತಬೇಕಾಯಿತು. ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ನನ್ನನ್ನು ಹಿಂದೆ ಹಾಕಿ, "ಸುಸ್ತಾಯ್ತಾ ತಮಾ?" ಎಂದು ಕೇಳಿ ಮುಂದೆ ಹೋದರು. ಮಣಿಕಟ್ಟಿನ ವಾಚು ಬೆವರು ಮತ್ತು ಕುಲುಕಾಟದ ನಡುವೆ ಹೆಜ್ಜೆಯ ಲಯವನ್ನೇ ಬಡಿತವೆಂದು ತೋರಿಸುತ್ತಿದ್ದುದರಿಂದ ಎದೆಗೆ ಕಟ್ಟುವ ಪಟ್ಟಿಯನ್ನು ಕೊಂಡೆ.

ಎರಡು ತಿಂಗಳಲ್ಲಿ ಓಟ ಹಗುರಾದಾಗ ಆಸೆ ಹೆಚ್ಚಿತು. ಭಾನುವಾರ ಕುಮಟಾ ಕಡೆಯಿಂದ ದೇವಿಮನೆ ಘಟ್ಟ, ವಾರದ ನಡುವೆ ಎರಡು ದಿನ ವೇಗದ ಓಟ, ಅದೂ ಏಪ್ರಿಲ್ ತಿಂಗಳ ಸೆಕೆಯಲ್ಲಿ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಮೈ ತಂಪಾಗಿಸಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕಾಗಿ, ಅದೇ ವೇಗಕ್ಕೂ ನಾಡಿ ಮೇಲೇರುತ್ತದೆ. ಬೆಳಿಗ್ಗೆ ಎದ್ದಾಗ 54 ಇರುತ್ತಿದ್ದ ಬಡಿತ ಹತ್ತು ದಿನ 60ರ ಮೇಲೆಯೇ ಇತ್ತೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಸೆಕೆಗೆ, ಮದುವೆ ಮನೆಗಳ ಊಟಕ್ಕೆ ಎಂದು ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ಗುಡ್ಡೆಹಳ್ಳಿಯ ಏರಿನಲ್ಲಿ ಎಷ್ಟು ಒತ್ತಿ ಓಡಿದರೂ ವಾಚು 124ನ್ನು ದಾಟಲಿಲ್ಲ. ಹೃದಯ ಗಟ್ಟಿಯಾಯಿತೆಂದು ಹಿಗ್ಗಿದೆ. ಮೇಲೆ ತಲುಪಿ ಸಮಯ ನೋಡಿದರೆ ಎಂದಿಗಿಂತ ಒಂಬತ್ತು ನಿಮಿಷ ಹೆಚ್ಚಾಗಿತ್ತು, ತೊಡೆಗಳು ಒದ್ದೆ ಗೋಣಿಚೀಲದಂತೆ ಭಾರವಾಗಿದ್ದವು. ಶಕ್ತಿ ಬೆಳೆದಾಗ ಬಡಿತ ಇಳಿದರೂ ವೇಗ ಇಳಿಯುವುದಿಲ್ಲ; ಅತಿಯಾದ ದಣಿವಿನಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ, ಏಕೆಂದರೆ ದೇಹದ ಪ್ರಚೋದನೆಗೆ ಹೃದಯ ಮೊದಲಿನಂತೆ ಸ್ಪಂದಿಸುವುದಿಲ್ಲ. ಬಡಿತವನ್ನಷ್ಟೇ ನೋಡಿ ವೇಗವನ್ನು ನೋಡದಿದ್ದುದು ನನ್ನ ತಪ್ಪು. ಬಂಗುಡೆ ಸಾರೂ ರುಚಿಸದೆ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿದ್ದುದೂ ಆಗಲೇ ಅರ್ಥವಾಯಿತು.

ವೈದ್ಯರು ಇಸಿಜಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಓಟ ನಿಲ್ಲಿಸಲು ಹೇಳಿದರು. ಐದು ವಾರ ದಂಡೆಯ ಮೇಲೆ ನಡೆದಾಡಿದೆನಷ್ಟೆ. ಅಷ್ಟರಲ್ಲಿ ಮಳೆ ಹಿಡಿದು, ಗುಡ್ಡದ ದಾರಿ ಜಾರುವಂತಾಗಿ, ಉಂಬಳಗಳೂ ಎದ್ದುದರಿಂದ ಅವಸರ ಮಾಡುವ ದಾರಿಯೇ ಮುಚ್ಚಿತು, ಅದು ಒಳ್ಳೆಯದೇ ಆಯಿತು.

ಈಗ ಹಾಸಿಗೆಯಿಂದ ಏಳುವ ಮೊದಲು ಕುತ್ತಿಗೆಯ ಮೇಲೆ ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತೇನೆ. ಸರಾಸರಿಗಿಂತ ಐದು ಬಡಿತ ಹೆಚ್ಚಿರುವುದು ಎರಡು ದಿನ ಮುಂದುವರಿದರೆ ಅಂದು ನಡಿಗೆ ಮಾತ್ರ. ವೇಗದ ಓಟ ವಾರಕ್ಕೊಮ್ಮೆ. ಪ್ರತಿ ನಾಲ್ಕನೆಯ ವಾರ ದೂರವನ್ನು ಅರ್ಧಕ್ಕೆ ಇಳಿಸುತ್ತೇನೆ. ಡಿಸೆಂಬರಿನಲ್ಲಿ 139ರೊಳಗೇ ಗುಡ್ಡೆಹಳ್ಳಿಯನ್ನು ಮೊದಲಿಗಿಂತ ನಾಲ್ಕು ನಿಮಿಷ ಬೇಗ ಹತ್ತಿದೆ, ಆದರೆ ಕೊನೆಯ ಕಡಿದಾದ ಏರನ್ನು ಇವತ್ತಿಗೂ ನಡೆದೇ ಹತ್ತುತ್ತೇನೆ.